ಬಿ.ಎಡ್. ವಿದ್ಯಾರ್ಥಿಗಳಿಗೆ ಉಲ್ಲೇಖ ನಿರ್ವಹಣಾ ತಂತ್ರಾಂಶವನ್ನು ಹೇಗೆ ಕಲಿಸಬೇಕು?

ಉಲ್ಲೇಖ ನಿರ್ವಹಣಾ ತಂತ್ರಾಂಶವೆಂದರೆ ಓದಿದ ಆಕರಗಳ ವಿವರಗಳನ್ನು ಕೂಡಿಟ್ಟು, ಬರಹಕ್ಕೆ ಬೇಕಾದ ಉಲ್ಲೇಖಗಳನ್ನು ಸಿದ್ಧಪಡಿಸಿಕೊಡುವ ತಂತ್ರಾಂಶ. ಮೊದಲು ಅದಿಲ್ಲದೆಯೇ ಕಲಿಸುವುದು ಒಳ್ಳೆಯದು. ಒಂದು ಪುಸ್ತಕ, ಒಂದು ನಿಯತಕಾಲಿಕದ ಲೇಖನ, ಸಂಪಾದಿತ ಕೃತಿಯ ಒಂದು ಅಧ್ಯಾಯ, ಈ ಮೂರಕ್ಕೆ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ ಉಲ್ಲೇಖವನ್ನು ವಿದ್ಯಾರ್ಥಿಗಳು ಕೈಯಲ್ಲೇ ಬರೆದು ಅಭ್ಯಾಸ ಮಾಡಿದ್ದರೆ, ಮುಂದೆ ತಂತ್ರಾಂಶ ತಪ್ಪಿದಾಗ ಅದನ್ನು ಗುರುತಿಸಬಲ್ಲರು.

ತಂತ್ರಾಂಶವಾಗಿ ನಾನು ಜೊಟೆರೊವನ್ನೇ ಸೂಚಿಸುತ್ತೇನೆ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಇದು ಉಚಿತ ಹಾಗೂ ಮುಕ್ತ ತಂತ್ರಾಂಶವಾಗಿದ್ದು, ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡರೊಂದಿಗೂ ಕೆಲಸ ಮಾಡುವುದರಿಂದ, ಕಾಲೇಜು ಬಿಟ್ಟು ಶಾಲೆಗೆ ಹೋದ ಮೇಲೂ ಶಿಕ್ಷಕರ ಕೈಯಲ್ಲಿ ಉಳಿಯುತ್ತದೆ. ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಅಥವಾ ಡಿಒಐ (ಲೇಖನದಂಥ ಆಕರಗಳ ಡಿಜಿಟಲ್ ಗುರುತು) ಸಂಖ್ಯೆ ಕೊಟ್ಟು ವಿವರಗಳನ್ನು ತರಿಸುವುದನ್ನು ಒಂದೇ ತರಗತಿಯಲ್ಲಿ ಕಲಿಸಬಹುದು.

ಹೆಚ್ಚು ಸಮಯ ಕೊಡಬೇಕಾದದ್ದು ಬಂದ ವಿವರಗಳ ಪರಿಶೀಲನೆಗೆ. ಕನ್ನಡ ಪುಸ್ತಕಗಳ ವಿವರ ರೋಮನ್ ಲಿಪಿಯಲ್ಲಿ ಬರುವುದುಂಟು. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮುಂದಿರುವ ನಮ್ಮ ಹೆಸರುಗಳಲ್ಲಿ ಕುಲನಾಮವೇ ಇರದಿರುವುದರಿಂದ, ವ್ಯಕ್ತಿಯ ಸ್ವಂತ ಹೆಸರನ್ನು ಕುಲನಾಮದ ಜಾಗದಲ್ಲಿ ಕೈಯಾರೆ ತುಂಬಬೇಕಾಗುತ್ತದೆ. ಸಂಸ್ಥೆಯೇ ಲೇಖಕನಾದಾಗ ತೊಂದರೆ ಇನ್ನೂ ಹೆಚ್ಚು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅನೇಕ ಬಿ.ಎಡ್. ವಿದ್ಯಾರ್ಥಿಗಳು ಉಲ್ಲೇಖಿಸುತ್ತಾರೆ; ಅದನ್ನು ಹೊರತಂದ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪೂರ್ಣ ಹೆಸರನ್ನು ವ್ಯಕ್ತಿಯ ಹೆಸರಿನಂತೆ ಎರಡು ಅಂಕಣಗಳಲ್ಲಿ ತುಂಬಿದರೆ, ಅದರ ಕೊನೆಯ ಪದವೇ ಕುಲನಾಮವಾಗಿ ಉಳಿದವು ಮೊದಲಕ್ಷರಗಳಾಗಿ ಮುದ್ರಣಗೊಳ್ಳುತ್ತವೆ. ಇಂಥಲ್ಲಿ ಹೆಸರಿನ ಎರಡು ಅಂಕಣಗಳನ್ನು ಒಂದಾಗಿಸುವ ಗುಂಡಿಯನ್ನು ಒತ್ತಬೇಕು.

ಅಭ್ಯಾಸಕ್ಕಾಗಿ ಪರೀಕ್ಷೆಗಿಂತ ಗುಂಪು ಗ್ರಂಥಾಲಯ, ಅಂದರೆ ಜೊಟೆರೊದಲ್ಲಿ ಹಲವರು ಹಂಚಿಕೊಳ್ಳುವ ಆಕರಗಳ ಸಂಗ್ರಹ, ಉತ್ತಮ. ಬೋಧನಾ ವಿಷಯದ ಒಂದು ಘಟಕಕ್ಕೆ ಬೇಕಾದ ಆಕರಗಳನ್ನು ನಾಲ್ಕೈದು ಮಂದಿ ಸೇರಿ ಸಂಗ್ರಹಿಸಲಿ, ಒಬ್ಬರು ಸೇರಿಸಿದ ನಮೂದನ್ನು ಇನ್ನೊಬ್ಬರು ಮೂಲ ಪುಸ್ತಕದ ಶೀರ್ಷಿಕೆ ಪುಟ ನೋಡಿ ತಿದ್ದಲಿ. ಅಂಕಗಳನ್ನು ಆ ತಿದ್ದುಪಡಿಗೇ ಕೊಡಿ.