ಪಾತ್ರೆಯ ಮೈಮೇಲೆ ಮರದ ಎಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಳಕೆ ತಪ್ಪಿದ ಲೋಹದ ಪಾತ್ರೆ ಮತ್ತು ಡಬ್ಬಗಳಿಗೆ ಮರದಂತೆ ಕಾಣುವ ಬಣ್ಣ ಹಚ್ಚುವ ಕೆಲಸದ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಬರೆದಿರುವ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹಿಂದೆ ಡೇರಿಗೆ ಹಾಲು ಹಾಕಲು ಬಳಸುತ್ತಿದ್ದ ಅಲ್ಯೂಮಿನಿಯಂ ಕ್ಯಾನೊಂದು ನಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಅದನ್ನು ಮರದ ಪೀಪಾಯಿಯಂತೆ ಮಾಡಿ, ಪಡಸಾಲೆಯಲ್ಲಿ ಕೊಡೆಗಳನ್ನು ಇಡಲು ಬಳಸಬೇಕೆಂದಿದ್ದೇವೆ. ಒಮ್ಮೆ ಕಂದು ಎನಾಮಲ್ ಹಚ್ಚಿದ್ದೆವು. ಕೆಲವೇ ತಿಂಗಳಲ್ಲಿ ಪದರ ಪದರವಾಗಿ ಎದ್ದುಬಂತು. ಏನು ಮಾಡಬೇಕು?
— ಮದ್ದೂರಿನ ಓದುಗರೊಬ್ಬರು

ಉತ್ತರ: ಬಣ್ಣ ಕೆಟ್ಟದ್ದೆಂದು ಭಾವಿಸಬೇಡಿ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ತನ್ನ ಮೈಮೇಲೆ ಆಕ್ಸೈಡಿನ ತೆಳುವಾದ ಪದರವನ್ನು ಕಟ್ಟಿಕೊಳ್ಳುತ್ತದೆ. ಆ ನುಣುಪಿನ ಮೇಲೆ, ಅದರಲ್ಲೂ ಹಾಲಿನ ಜಿಡ್ಡು ಅಂಟಿಕೊಂಡಿರುವ ಕಡೆ, ಎನಾಮಲ್ಲಿಗೆ ಹಿಡಿತ ಸಿಗುವುದಿಲ್ಲ. ಹಳೆಯ ಬಣ್ಣವನ್ನು ಪೂರ್ತಿ ತೆಗೆದು, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಕ್ಯಾನನ್ನು ಚೆನ್ನಾಗಿ ತೊಳೆಯಿರಿ. ವಾಷಿಂಗ್ ಸೋಡಾ ಬಳಸಬೇಡಿ; ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಒಣಗಿದ ಮೇಲೆ 220ನೇ ನಂಬರಿನ ಎಮರಿ ಕಾಗದದಿಂದ ಹೊಳಪೆಲ್ಲ ಹೋಗಿ ಮಂಕಾಗುವವರೆಗೆ ಉಜ್ಜಿ, ಥಿನ್ನರ್ ಬಟ್ಟೆಯಿಂದ ಒರೆಸಿ, ತಡಮಾಡದೆ ಅದೇ ದಿನ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ‘ಎಚ್ ಪ್ರೈಮರ್’ (etch primer) ಎಂಬ ತಳಬಣ್ಣದ ತೆಳುವಾದ ಒಂದು ಪದರ ಹಚ್ಚಿ. ವಾಹನಗಳ ಬಣ್ಣ ಮಾರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಪ್ರೈಮರ್ ಹಚ್ಚುವಾಗಲೂ ಥಿನ್ನರ್ ಬಳಸುವಾಗಲೂ ಬಾಗಿಲು, ಕಿಟಕಿ ತೆರೆದಿರಲಿ.

ನಿಮ್ಮಲ್ಲಿರುವುದು ಕ್ಯಾನ್ ಅಲ್ಲದೆ ಸತುವಿನ ಲೇಪವಿರುವ ಕಬ್ಬಿಣದ ಬಕೆಟ್ಟಾಗಿದ್ದರೆ ತೊಂದರೆಯ ಕಾರಣ ಬೇರೆ. ಎಣ್ಣೆ ಆಧಾರದ ಎನಾಮಲ್ಲಿನಲ್ಲಿರುವ ಕೊಬ್ಬಿನ ಆಮ್ಲಗಳು ಸತುವಿನೊಡನೆ ಸೇರಿ ಬಣ್ಣದ ಅಡಿಯಲ್ಲಿ ಸಾಬೂನಿನಂಥ ಪದರವನ್ನು ಉಂಟುಮಾಡುತ್ತವೆ. ಮೇಲಿನ ಬಣ್ಣ ಎಷ್ಟೇ ಒಳ್ಳೆಯದಾದರೂ ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ. ಅಲ್ಲಿಯೂ ನಡುವೆ ತಕ್ಕ ಪ್ರೈಮರ್ ಇರಲೇಬೇಕು. ಲೇಪವಿಲ್ಲದ ಬರಿಯ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಸಾಕು.

ಇನ್ನು ಪೀಪಾಯಿಯ ರೂಪದ ವಿಷಯ. ಪೀಪಾಯಿ ಒಂದೇ ಮರದ ತುಂಡಲ್ಲ, ಉದ್ದುದ್ದನೆಯ ಪಟ್ಟಿಗಳನ್ನು ನಿಲ್ಲಿಸಿ, ಸುತ್ತ ಕಬ್ಬಿಣದ ಬಳೆ ಬಿಗಿದು ಮಾಡಿದ್ದು. ಆದ್ದರಿಂದ ಕ್ಯಾನಿನ ಮೈಯನ್ನು ಪೆನ್ಸಿಲಿನಿಂದ ಮೇಲಿನಿಂದ ಕೆಳಗೆ ಪಟ್ಟಿಗಳಾಗಿ ವಿಂಗಡಿಸಿಕೊಳ್ಳಿ. ಎಲ್ಲವೂ ಒಂದೇ ಅಗಲವಿರುವುದು ಬೇಡ. ಒಂದು ಪಟ್ಟಿಯ ಎಳೆ ಪಕ್ಕದ ಪಟ್ಟಿಗೆ ಹರಿಯಕೂಡದು, ಏಕೆಂದರೆ ನಿಜವಾದ ಪೀಪಾಯಿಯಲ್ಲಿ ಅವು ಬೇರೆ ಬೇರೆ ಹಲಗೆಗಳಿಂದ ಬಂದಿರುತ್ತವೆ. ಒಂದು ಬಿಟ್ಟು ಒಂದು ಪಟ್ಟಿಗೆ ಬಣ್ಣ ಹಚ್ಚಿ, ಅವು ಒಣಗಿದ ಮೇಲೆ ಉಳಿದವನ್ನು ಮುಗಿಸಿದರೆ ಅಂಚುಗಳು ತಾವಾಗಿಯೇ ಬೇರ್ಪಡುತ್ತವೆ. ಕ್ಯಾನಿನ ಮೈಮೇಲೆ ಉಬ್ಬಿದ ಬಳೆಗಳಿದ್ದರೆ ಅವನ್ನು ಮರದಂತೆ ಮಾಡಹೋಗದೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಪೀಪಾಯಿಗೆ ಬೇಕಾದ ಬಳೆ ಆಗಲೇ ಅಲ್ಲಿದೆ.

ಪ್ರಶ್ನೆ: ತಗಡಿನ ದೊಡ್ಡ ಡಬ್ಬಕ್ಕೆ ತಿಳಿಬಣ್ಣ ಹಚ್ಚಿ, ಅದರ ಮೇಲೆ ಕಂದು ಬಣ್ಣ ಬಳಿದು ಬಾಚಣಿಗೆಯಿಂದ ಎಳೆದೆ. ಗೆರೆಗಳೇನೋ ಬಂದವು, ಆದರೆ ನೋಡಿದವರೆಲ್ಲ ಪಟ್ಟೆ ಸೀರೆಯಂತಿದೆ ಎನ್ನುತ್ತಾರೆ. ಡಬ್ಬದ ಚಿತ್ರವನ್ನೂ ಕಳಿಸಿದ್ದೇನೆ. ಬೀಟೆಯ ಹಾಗೆ ಕಾಣಬೇಕಾದರೆ ಯಾವ ಉಪಕರಣ ಕೊಳ್ಳಬೇಕು?
— ಮೈಸೂರಿನ ಕುವೆಂಪುನಗರದ ಗೃಹಿಣಿಯೊಬ್ಬರು

ಉತ್ತರ: ಉಪಕರಣ ಕೊಳ್ಳುವುದು ಆಮೇಲೆ. ನಿಮ್ಮ ಚಿತ್ರದಲ್ಲಿ ಗೆರೆಗಳು ಡಬ್ಬದ ಸುತ್ತ ಅಡ್ಡಡ್ಡವಾಗಿ ಓಡಿವೆ, ಎಲ್ಲವೂ ಒಂದೇ ದಪ್ಪ, ಒಂದೇ ಅಂತರ. ಮರ ಹಾಗೆ ಬೆಳೆಯುವುದಿಲ್ಲ. ಕುಂಚ ಹಿಡಿಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಆಕಾರದ ಪಾತ್ರೆಯನ್ನು ಬಡಗಿ ನಿಜವಾಗಿ ಮರದಲ್ಲಿಯೇ ಮಾಡಿದ್ದರೆ ದಿಮ್ಮಿಯನ್ನು ಹೇಗೆ ಬಳಸುತ್ತಿದ್ದ? ಇದಕ್ಕೆ ಉತ್ತರ ಸಿಕ್ಕಿದರೆ ಎಳೆ ಎಲ್ಲಿ ನೇರ, ಎಲ್ಲಿ ಕಮಾನು, ಎಲ್ಲಿ ಉಂಗುರ ಎಂಬುದೆಲ್ಲ ತಿಳಿಯುತ್ತದೆ. ಸಿಗದಿದ್ದರೆ ಎಷ್ಟೇ ದುಬಾರಿಯ ಉಪಕರಣವೂ ಗೆರೆಗಳನ್ನು ಮಾತ್ರ ಕೊಡುತ್ತದೆ.

ಎತ್ತರದ ಡಬ್ಬವನ್ನು ಮರದಲ್ಲಿ ಮಾಡುವವನು ದಿಮ್ಮಿಯ ಒಂದು ತುಂಡನ್ನು ನಿಲ್ಲಿಸಿಕೊಂಡು ಒಳಗನ್ನು ತೋಡುತ್ತಾನೆ. ಆಗ ಎಳೆಗಳು ಪಾತ್ರೆಯ ಮೈಮೇಲೆ ಬುಡದಿಂದ ಬಾಯಿಯವರೆಗೆ ನಿಂತಿರುತ್ತವೆ, ಮುಚ್ಚಳದ ನೆತ್ತಿಯಲ್ಲಿ ಮಾತ್ರ ಮರದ ಬೆಳವಣಿಗೆಯ ಉಂಗುರಗಳು ಕಾಣುತ್ತವೆ. ಅಗಲವಾದ, ಆಳ ಕಡಿಮೆಯ ಬೋಗುಣಿಯಂಥ ಪಾತ್ರೆಯನ್ನಾದರೋ ದಪ್ಪ ಹಲಗೆಯನ್ನು ಮಲಗಿಸಿ ಕಡೆಯುತ್ತಾರೆ. ಅದರಲ್ಲಿ ಎದುರುಬದುರಾದ ಎರಡು ಪಕ್ಕಗಳಲ್ಲಿ ಉದ್ದನೆಯ ಎಳೆಯೂ, ಉಳಿದ ಎರಡು ಪಕ್ಕಗಳಲ್ಲಿ ಎಳೆಗಳ ಅಡ್ಡಕೊಯ್ತವೂ ಕಾಣುತ್ತವೆ. ಹಳೆಯ ಮನೆಗಳಲ್ಲಿ ಒಂದೇ ತುಂಡಿನಿಂದ ತೋಡಿದ ಮರಿಗೆಗಳು ಈಗಲೂ ಕೆಲವೆಡೆ ಉಳಿದಿವೆ. ಅಂಥದೊಂದನ್ನು ಬೆಳಕಿನಲ್ಲಿ ತಿರುಗಿಸಿ ನೋಡಿದರೆ ನಾನು ಇಲ್ಲಿ ಬರೆದದ್ದಕ್ಕಿಂತ ಹೆಚ್ಚು ಕಲಿಯಬಹುದು.

ಇನ್ನು ಬಣ್ಣದ ವಿಧಾನ. ತಳದ ಬಣ್ಣ ನೀವು ಅನುಕರಿಸುವ ಮರದಲ್ಲಿ ಕಾಣುವ ಅತ್ಯಂತ ತಿಳಿಯಾದ ಬಣ್ಣವಾಗಿರಬೇಕು. ತೇಗಕ್ಕೆ ಹಳದಿ ಬೆರೆತ ತಿಳಿಗಂದು, ಬೀಟೆಗೆ ಇಟ್ಟಿಗೆಗಿಂತ ಸ್ವಲ್ಪ ಮಂಕಾದ ಕೆಂಗಂದು. ಹೆಚ್ಚು ಹೊಳಪಿಲ್ಲದ ಎನಾಮಲ್ಲನ್ನು ಎರಡು ಸಲ ಹಚ್ಚಿ, ಪ್ರತಿ ಸಲವೂ ಒಣಗಿದ ಮೇಲೆ 320ರ ಕಾಗದದಿಂದ ಹಗುರವಾಗಿ ಉಜ್ಜಿ. ಮೇಲಿನ ಬಣ್ಣ ಪಾರದರ್ಶಕವಾಗಿರಬೇಕು, ಮುಚ್ಚುವ ಬಣ್ಣವಾಗಿರಬಾರದು. ನೀವು ಬಳಿದ ಕಂದು ಎನಾಮಲ್ ತಳವನ್ನು ಪೂರ್ತಿ ಮುಚ್ಚಿಬಿಟ್ಟಿದೆ. ಎರಡು ಭಾಗ ಟರ್ಪೆಂಟೈನ್, ಒಂದು ಭಾಗ ಕುದಿಸಿದ ಅಗಸೆ ಎಣ್ಣೆ, ಒಂದು ಭಾಗ ವಾರ್ನಿಷ್ ಬೆರೆಸಿ, ಅದಕ್ಕೆ ಚಿತ್ರಕಲೆಯ ಎಣ್ಣೆಬಣ್ಣಗಳಲ್ಲಿ ಬರ್ನ್ಟ್ ಅಂಬರ್ ಎಂಬ ಗಾಢ ಕಂದನ್ನು ಸ್ವಲ್ಪ ಸ್ವಲ್ಪವಾಗಿ ಕಲಸಿದರೆ ಕೆಲಸಕ್ಕೆ ಬರುವ ಹದವಾಗುತ್ತದೆ. ಬೀಟೆಗೆ ಇದರೊಡನೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದನ್ನೂ ಕಪ್ಪಿನ ಚಿಟಿಕೆಯನ್ನೂ ಸೇರಿಸಿ.

ಇದನ್ನು ತೆಳುವಾಗಿ ಬಳಿದು, ಒಣಗಿದ ಕುಂಚದಿಂದ ಎಳೆಯ ದಿಕ್ಕಿನಲ್ಲಿಯೇ ಎಳೆಯಿರಿ. ಆಮೇಲೆ ಬಾಚಣಿಗೆ. ಅಂಗಡಿಯ ಬಾಚಣಿಗೆಯ ಹಲ್ಲುಗಳು ಸಮವಾಗಿರುವುದೇ ಅದರ ದೋಷ. ಹಳೆಯ ಹವಾಯಿ ಚಪ್ಪಲಿಯ ತುಂಡಿನ ಅಂಚಿನಲ್ಲಿ ಕೆಲವು ಅಗಲ, ಕೆಲವು ಕಿರಿದಾದ ಹಲ್ಲುಗಳನ್ನು ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ಒಮ್ಮೆ ನೇರವಾಗಿ ಎಳೆದು, ಇನ್ನೊಮ್ಮೆ ಅದರ ಮೇಲೆಯೇ ತುಸು ಓರೆಯಾಗಿ ಎಳೆದರೆ ಉದ್ದ ಗೆರೆಗಳು ತುಂಡುತುಂಡಾಗಿ ಮರದ ಸೂಕ್ಷ್ಮ ರಂಧ್ರಗಳಂತೆ ಕಾಣುತ್ತವೆ. ಡಬ್ಬದ ಒಂದೆರಡು ಕಡೆ ಮಾತ್ರ ಕಮಾನುಗಳನ್ನು ಬರೆಯಿರಿ: ಬೆರಳಿಗೆ ಬಟ್ಟೆ ಸುತ್ತಿ, ಒಳಗಿನ ಚಿಕ್ಕ ಕಮಾನಿನಿಂದ ಆರಂಭಿಸಿ ಹೊರಗೆ ಹೋಗಿ. ಕಮಾನುಗಳ ನಡುವೆ ಅಂತರ ಹೆಚ್ಚಿರಲಿ, ಪಕ್ಕಗಳಿಗೆ ಹೋದಂತೆ ಗೆರೆಗಳು ಹತ್ತಿರ ಹತ್ತಿರವಾಗಲಿ. ದಿಮ್ಮಿಯನ್ನು ಉದ್ದಕ್ಕೆ ಸೀಳಿದ ಹಲಗೆಯಲ್ಲಿ ಹಾಗೆಯೇ ಇರುತ್ತದೆ. ಗಂಟು ಇಡುವುದಾದರೆ ಒಂದು ಸಾಕು, ಸುತ್ತಲಿನ ಎಳೆಗಳು ಅದನ್ನು ಬಳಸಿಕೊಂಡು ಹೋಗಬೇಕು. ಕೊನೆಗೆ ಮೃದುವಾದ ಒಣಕುಂಚವನ್ನು ಮುಟ್ಟಿಯೂ ಮುಟ್ಟದಂತೆ ಆಡಿಸಿ ಗೆರೆಗಳ ಗಡಸುತನ ತೆಗೆಯಿರಿ. ಅಂಟು ಬರುವ ಮುನ್ನ ಇದೆಲ್ಲ ಮುಗಿಯಬೇಕಾದ್ದರಿಂದ ಸಣ್ಣ ಪಾತ್ರೆಯಿಂದ ಆರಂಭಿಸುವುದು ಲೇಸು. ಇಷ್ಟವಾಗದಿದ್ದರೆ ಹಸಿಯಿರುವಾಗಲೇ ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಈ ಅವಕಾಶ ಬೇರೆ ಯಾವ ಬಣ್ಣದ ಕೆಲಸದಲ್ಲಿಯೂ ಇಷ್ಟು ಧಾರಾಳವಾಗಿ ಸಿಗದು.

ನೀವು ಮೈಸೂರಿನಲ್ಲಿಯೇ ಇರುವುದರಿಂದ ಒಂದು ಸಲಹೆ. ಅರಮನೆಯ ಅಂಬಾವಿಲಾಸದ ಬಳಿ ದಂತ ಕೂಡಿಸಿದ ಬೀಟೆಯ ಬಾಗಿಲಿದೆ. ಎಲ್ಲರೂ ದಂತದ ಕುಸುರಿಯನ್ನೇ ನೋಡಿ ಮುಂದೆ ಹೋಗುತ್ತಾರೆ. ನೀವು ನಡುವಿನ ಬರಿಯ ಬೀಟೆಯನ್ನು ನೋಡಿ. ಅದರ ಕಪ್ಪು ಎಳೆ ಎಲ್ಲಿ ದಟ್ಟವಾಗುತ್ತದೆ, ಎಲ್ಲಿ ನೇರಳೆ ಛಾಯೆಗೆ ತಿರುಗುತ್ತದೆ ಎಂಬುದನ್ನು ಯಾವ ಮಾತೂ ಅಷ್ಟು ಚೆನ್ನಾಗಿ ಹೇಳಲಾರದು.

ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ಹಂಡೆ ಕಪ್ಪಿಟ್ಟಿದೆ, ಉಜ್ಜುವುದು ಕಷ್ಟ. ಅದಕ್ಕೂ ಮರದ ಬಣ್ಣ ಹಚ್ಚಬಹುದೇ?
— ಪಾಂಡವಪುರದ ಓದುಗರು

ಉತ್ತರ: ದಯವಿಟ್ಟು ಹಚ್ಚಬೇಡಿ. ಹುಣಸೆಹಣ್ಣಿಗೂ ಉಪ್ಪಿಗೂ ಬಗ್ಗುವ ಕಪ್ಪು ಅದು. ಬಣ್ಣ ಹಿಡಿಯಬೇಕಾದರೆ ಎಮರಿ ಕಾಗದದಿಂದ ಗೀರಬೇಕಾಗುತ್ತದೆ, ಆ ಗೀರು ಹಿತ್ತಾಳೆಯ ಮೈಯಿಂದ ಸುಲಭವಾಗಿ ಹೋಗುವುದಿಲ್ಲ. ತಗಡು, ಸತುವಿನ ಬಕೆಟ್ಟು, ಸೊಟ್ಟಾದ ಅಲ್ಯೂಮಿನಿಯಂ ಪಾತ್ರೆಗಳು ಈ ಕೆಲಸಕ್ಕೆ ಬೇಕಾದಷ್ಟಿವೆ.

ಪ್ರಶ್ನೆ: ಅಡುಗೆಮನೆಯ ಸ್ಟೀಲ್ ಡಬ್ಬ, ಲೋಟ, ಸಾರಿನ ಪಾತ್ರೆ ಎಲ್ಲವನ್ನೂ ಒಂದೇ ರೀತಿ ಮರದಂತೆ ಮಾಡಿದರೆ ಚೆಂದವಲ್ಲವೇ? ಮಕ್ಕಳಿರುವ ಮನೆಯಲ್ಲಿ ಏನಾದರೂ ಅಪಾಯವಿದೆಯೇ?
— ಮಂಡ್ಯದ ಓದುಗರು

ಉತ್ತರ: ಡಬ್ಬಗಳ ಹೊರಮೈಗೆ ಹಚ್ಚಬಹುದು. ಲೋಟಕ್ಕೂ ಒಲೆಯ ಮೇಲಿಡುವ ಪಾತ್ರೆಗೂ ಬೇಡ. ಎನಾಮಲ್ ಮತ್ತು ವಾರ್ನಿಷ್ ಒಲೆಯ ಉರಿಯನ್ನು ತಾಳುವುದಿಲ್ಲ. ಕರಟಿ, ಹೊಗೆಯಾಡಿ, ಪುಡಿ ಉದುರುತ್ತದೆ. ಊಟ ತಿಂಡಿ ತಾಗುವ ಒಳಮೈಗೆ ಯಾವ ಬಣ್ಣವೂ ಹೋಗಕೂಡದು, ಬಾಯಿಯ ಅಂಚಿನಿಂದ ಕೆಳಗೆ ಸುಮಾರು 3 ಸೆಂಟಿಮೀಟರ್ ಸುತ್ತಲೂ ಬಿಟ್ಟೇ ಹಚ್ಚಿ.

ಸೀಸದ ವಿಷಯದಲ್ಲಿ ಎಚ್ಚರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಹೊಸ ಡಬ್ಬಿಯನ್ನೇ ಕೊಳ್ಳಿ, ಅದರ ಮೇಲಿನ ಬರಹವನ್ನು ಓದಿ. ಅಟ್ಟದಲ್ಲಿ ಉಳಿದ ಹಳೆಯ ಬಣ್ಣವನ್ನು ಬಳಸಬೇಡಿ. ಮೊದಲೇ ಬಣ್ಣವಿರುವ ಹಳೆಯ ಟ್ರಂಕು, ಡಬ್ಬಗಳನ್ನು ಒಣದಾಗಿ ಉಜ್ಜದೆ, ನೀರಿನಲ್ಲಿ ಅದ್ದಿ ಬಳಸುವ ಎಮರಿ ಕಾಗದದಿಂದ ಒದ್ದೆಯಾಗಿಯೇ ಉಜ್ಜಿದರೆ ಧೂಳು ಏಳುವುದಿಲ್ಲ. ಆ ಹೊತ್ತಿಗೆ ಮಕ್ಕಳು ಹತ್ತಿರವಿರುವುದು ಬೇಡ.

ಪ್ರಶ್ನೆ: ಚನ್ನಪಟ್ಟಣದ ಬೊಂಬೆಗಳಿಗೆ ಹಚ್ಚುವ ಅರಗಿನ ಬಣ್ಣವನ್ನೇ ಸ್ಟೀಲ್ ಡಬ್ಬಕ್ಕೆ ಹಚ್ಚಿದರೆ ನಿಜವಾದ ಮರದ ಕಳೆ ಬರುವುದಿಲ್ಲವೇ?
— ಮೈಸೂರಿನ ಕಾಲೇಜು ವಿದ್ಯಾರ್ಥಿನಿ

ಉತ್ತರ: ಆ ಬೊಂಬೆಗಳ ಅಂದ ಅರಗಿನದಷ್ಟೇ ಅಲ್ಲ, ಅರಗು ಮತ್ತು ಮರ ಕೂಡಿದ್ದರಿಂದ ಬಂದದ್ದು. ತಿರುಗುತ್ತಿರುವ ಹಾಲೆಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಮನೆಯಲ್ಲಿ ನಿಂತಿರುವ ಡಬ್ಬಕ್ಕೆ ಆ ಕ್ರಮ ಹೊಂದುವುದಿಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಷ್ ಹಚ್ಚಬಹುದಾದರೂ ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ, ನೀರು ನಿಂತರೆ ಬಿಳಿಚಿಕೊಳ್ಳುತ್ತದೆ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ, ಇಂದು ಮತದಾನದ ಅಳಿಸಲಾಗದ ಶಾಯಿಗೆ ಹೆಸರಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೂ ಅರಗು ಇತ್ತು. ಅರಗಿನ ಮೇಲೆ ನಿಮಗಿರುವ ಪ್ರೀತಿ ಈ ಊರಿಗೆ ಹೊಸದಲ್ಲ. ಆದರೆ ಅಡುಗೆಮನೆಯ ಡಬ್ಬಕ್ಕೆ ಪಾಲಿಯುರೆಥೇನ್ ವಾರ್ನಿಷ್ಷೇ ಸರಿ.

ಪ್ರಶ್ನೆ: ತಗಡನ್ನು ಮರವೆಂದು ತೋರಿಸುವುದು ಸುಳ್ಳಲ್ಲವೇ? ವಸ್ತು ತಾನೇನೋ ಹಾಗೆಯೇ ಕಾಣಬೇಕೆಂದು ನನ್ನ ಭಾವನೆ.
— ಶ್ರೀರಂಗಪಟ್ಟಣದ ನಿವೃತ್ತ ಶಿಕ್ಷಕರು

ಉತ್ತರ: ತಮ್ಮ ಆಕ್ಷೇಪಕ್ಕೆ ಬೆಲೆಯಿದೆ. ಬೀಟೆಯದೆಂದು ಹೇಳಿ ಬಣ್ಣದ ತಗಡನ್ನು ಮಾರಿದರೆ ಅದು ಮೋಸವೇ. ಮನೆಯವರೆಲ್ಲರಿಗೂ ತಗಡೆಂದು ಗೊತ್ತಿರುವ ಡಬ್ಬದ ಮೇಲೆ ಮರವನ್ನು ಬರೆದರೆ ಅದು ಚಿತ್ರಕಲೆ. ತಮ್ಮ ಊರಿನ ದರಿಯಾ ದೌಲತ್ ಅನ್ನೇ ನೋಡಿ: 1784ರಲ್ಲಿ ಹೆಚ್ಚಾಗಿ ತೇಗದಿಂದ ಕಟ್ಟಿದ ಆ ಅರಮನೆಯಲ್ಲಿ ಕಂಬ, ಕಮಾನು, ಗೋಡೆಗಳನ್ನೆಲ್ಲ ಬಣ್ಣ ಮತ್ತು ಚಿತ್ರಗಳಿಂದ ತುಂಬಿದ್ದಾರೆ. ಅಸಲಿ ತೇಗವನ್ನು ಮರೆಮಾಡಿದರೆಂದು ಯಾರೂ ದೂರುವುದಿಲ್ಲ. ಜಪಾನಿನ ಅಕಿತಾದಲ್ಲಿ ಹದಿನೇಳನೆಯ ಶತಮಾನದಲ್ಲಿ ಕತ್ತಿಯ ಹಿಡಿಕೆಯ ಅಲಂಕಾರಕ್ಕಾಗಿ ಬೇರೆ ಬೇರೆ ಲೋಹಗಳ ಹಾಳೆಗಳನ್ನು ಬೆಸೆದು, ಕೊರೆದು, ತಟ್ಟಿ, ಬಣ್ಣವೇ ಇಲ್ಲದೆ ಮರದ ಎಳೆಯನ್ನು ತೋರಿಸುವ ಮೊಕುಮೆಗಾನೆ ಎಂಬ ಕಲೆಯನ್ನು ಬೆಳೆಸಿದರು. ಇಂಗ್ಲೆಂಡಿನಲ್ಲಿ ಥಾಮಸ್ ಕೆರ್ಶಾ ಎಂಬ ಬಣ್ಣಗಾರ ಮರ ಮತ್ತು ಅಮೃತಶಿಲೆಯ ಅನುಕರಣೆಗಾಗಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಪಡೆದ. ನೋಡುವವರಿಗೆ ಅದು ಬಣ್ಣವೆಂದು ತಿಳಿದೇ ಇತ್ತು. ಇದಲ್ಲದೆ, ಬೀಟೆ ಇಂದು ಸುಲಭವಾಗಿ ಸಿಗುವ ಮರವಲ್ಲ. ಒಂದು ಡಬ್ಬದ ಅಂದಕ್ಕಾಗಿ ಮರ ಬೀಳದಿರುವುದೂ ನನಗೆ ಒಪ್ಪಿಗೆಯಾದ ಸಂಗತಿ.

ಪ್ರಶ್ನೆ: ಮಳೆಗಾಲದಲ್ಲಿ ಈ ಕೆಲಸ ಮಾಡಬಹುದೇ? ಕೊನೆಯ ವಾರ್ನಿಷ್ ಎಷ್ಟು ಸಲ?
— ನಂಜನಗೂಡಿನ ಓದುಗರು

ಉತ್ತರ: ಸಾಧ್ಯವಾದರೆ ಫೆಬ್ರವರಿಯಿಂದ ಮೇ ತಿಂಗಳೊಳಗೆ ಮುಗಿಸಿ. ತೇವದ ಗಾಳಿಯಲ್ಲಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ವಾರ್ನಿಷ್ ಮಬ್ಬಾಗುತ್ತದೆ. ಬೆರಳಿಟ್ಟರೆ ಅಂಟದಿರುವುದನ್ನೇ ಒಣಗಿತೆಂದು ತಿಳಿಯದೆ, ಎಳೆ ಬರೆದ ಮೇಲೆ ಎರಡು ಮೂರು ದಿನ ಬಿಟ್ಟು ವಾರ್ನಿಷ್ ಹಚ್ಚಿ. ಇಲ್ಲದಿದ್ದರೆ ಬರೆದದ್ದೆಲ್ಲ ಕುಂಚದೊಡನೆ ಕರಗಿ ಹರಡುತ್ತದೆ. ತೆಳುವಾಗಿ ಎರಡು ಸಲ, ನಡುವೆ ಒಂದು ರಾತ್ರಿ ಬಿಡುವು. ಎಣ್ಣೆ ಆಧಾರದ ವಾರ್ನಿಷ್ ವರ್ಷಗಳು ಕಳೆದಂತೆ ಹಳದಿಯಾಗುವುದರಿಂದ ತಳದ ಬಣ್ಣವನ್ನು ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾಗಿಟ್ಟುಕೊಳ್ಳಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದುರಿ ಮೂಲೆಗೆ ಎಸೆಯಲೇಬೇಡಿ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಸಿಕ್ಕಿಕೊಂಡು, ಕಿಡಿಯೇ ಇಲ್ಲದೆ ಬಟ್ಟೆ ಹೊತ್ತಿಕೊಳ್ಳಬಹುದು. ಅವನ್ನು ಹೊರಗೆ ಒಂದೊಂದಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಮುಳುಗಿಸಿಟ್ಟು ಬಳಿಕ ಎಸೆಯಿರಿ.