ಸಂಗೀತದಲ್ಲಿ ‘ಟೆಕ್ಸ್ಚರ್’ ಅಂದರೇನು? ಬಟ್ಟೆಗೂ ಹಿಟ್ಟಿಗೂ ಅದೇ ಪದ ಯಾಕೆ?

ಪದದ ಬೇರು ಲ್ಯಾಟಿನ್‌ನಲ್ಲಿದೆ, ಅಲ್ಲಿ ಅದರ ಅರ್ಥ ನೇಯುವುದು. ಕಾಸರಗೋಡು ಸೀರೆಯ ಮೇಲೆ ಕೈಯಾಡಿಸಿದರೆ ನೇಯ್ಗೆ ಎಷ್ಟು ಒತ್ತಾಗಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ, ಅಲ್ವಾ? ನೀರುದೋಸೆ ಹಿಟ್ಟು ನುಣ್ಣಗೆ, ರವೆ ತರಿತರಿ. ಅದೂ ಟೆಕ್ಸ್ಚರೇ.

ಸಂಗೀತದಲ್ಲಿ ನೂಲಿನ ಜಾಗಕ್ಕೆ ದನಿಗಳು ಬರುತ್ತವೆ. ಒಟ್ಟಿಗೆ ಎಷ್ಟು ದನಿ, ಒಂದಕ್ಕೊಂದು ಹೇಗೆ ಹೆಣೆದಿವೆ ಅನ್ನುವುದೇ ಟೆಕ್ಸ್ಚರ್. ನಮ್ಮ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ ಯಕ್ಷಗಾನ ಆಟವನ್ನೇ ನೆನಪಿಸಿಕೊಳ್ಳಿ. ದುಃಖದ ಪದ್ಯಕ್ಕೆ ಭಾಗವತರ ದನಿ, ಶ್ರುತಿ, ಮೆಲ್ಲನೆ ಮದ್ದಳೆ. ತೆಳು ಹೆಣಿಗೆ. ಯುದ್ಧ ಶುರುವಾಯಿತೋ, ಚೆಂಡೆ, ಚಕ್ರತಾಳ ಸೇರಿ ದಟ್ಟವಾಗುತ್ತದೆ. ಸುಮ್ನೆ ಸದ್ದು ಜಾಸ್ತಿಯಾದರೆ ದಟ್ಟ ಅಂತಲ್ಲ, ಎಳೆಗಳು ಹೆಚ್ಚಬೇಕು. ಇಲ್ಲಿ ರಾಗದ ಎಳೆ ಮಾತ್ರ ಒಂದೇ. ಪಾಶ್ಚಾತ್ಯರ ಪಾಲಿಫೊನಿಯಲ್ಲಿ ಬೇರೆ ಬೇರೆ ಧಾಟಿಗಳೇ ಒಟ್ಟಿಗೆ ಸಾಗುತ್ತವೆ.