18 ಎಚ್‌ಪಿ ಟ್ರ್ಯಾಕ್ಟರ್‌ಗೆ ಟ್ರೇಲರ್ ಹುಕ್ ನಾವೇ ಮಾಡಿಸಬಹುದಾ?

ಹೊಳಲ್ಕೆರೆ ಕಡೆಯ ನಿಮ್ಮ ಅಡಿಕೆ ತೋಟಕ್ಕೆ 18 ಎಚ್‌ಪಿ ಸಣ್ಣ ಟ್ರ್ಯಾಕ್ಟರ್ ತಗೊಂಡಿದೀರಿ. ಅದಕ್ಕೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಟ್ರೇಲರ್ ಹುಕ್ ಮಾಡಿಸಬಹುದಾ, ಟಾಪ್ ಲಿಂಕ್ (ನೇಗಿಲು ಮುಂತಾದವನ್ನು ಹಿಂದೆ ಹಿಡಿಯೋ ಮೂರು ತೋಳಲ್ಲಿ ಮೇಲಿನದು) ಕೂರೋ ಜಾಗಕ್ಕೇ ಸಿಕ್ಕಿಸಿದರೆ ಸಾಕಾಗಲ್ವಾ ಅಂತ ಕೇಳಿದೀರಿ. ಮೊದಲನೆಯದಕ್ಕೆ ಹೌದು, ಮಾಡಿಸಬಹುದು. ಎರಡನೆಯದಕ್ಕೆ ಕೈ ಮುಗಿದು ಹೇಳ್ತೀನಿ, ಬೇಡ.

ನಮ್ಮದು ಚನ್ನಗಿರಿ ತಾಲ್ಲೂಕು. ಒಂಬತ್ತು ಅಡಿಗೊಂದು ಗಿಡ ಇಟ್ಟ ತೋಟ, ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗಲ್ಲ. ಅದಕ್ಕೆ 15 ಎಚ್‌ಪಿಯದು ತಂದ್ವಿ. ಟ್ರೇಲರ್ ಮಾತ್ರ ಹಳೇದು, ದೊಡ್ಡ ಟ್ರ್ಯಾಕ್ಟರ್‌ನದ್ದನ್ನೇ ಕತ್ತರಿಸಿ ಚಿಕ್ಕದು ಮಾಡಿದ್ದು. ಅದರ ರಿಂಗು ನೆಲದಿಂದ 21 ಇಂಚಿಗಿತ್ತು. ನಾನು ಮಾಡಿದ ತಪ್ಪು ಇಲ್ಲೇ. ಟ್ರೇಲರ್ ಮಟ್ಟಕ್ಕೆ ಸರಿಹೋಗಲಿ ಅಂತ ಟ್ರ್ಯಾಕ್ಟರ್ ಕಡೆಯ ಹುಕ್ಕನ್ನೇ ಮೇಲೆ ಎತ್ತಿ ಕೂರಿಸಿದೆ. ಆ ಮೂರು ತೋಳಿನ ಮೂರು ಪಾಯಿಂಟಿಗೆ ಕೂರೋ ತ್ರಿಕೋನದ ಫ್ರೇಮು ಮಾಡಿಸಿ, ಅದರ ನಡು ಎತ್ತರಕ್ಕೆ ಪ್ಲೇಟು ಬೆಸೆಸಿದೆ. ನೋಡೋಕೆ ಗಟ್ಟಿಮುಟ್ಟಾಗೇ ಇತ್ತು.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ದಿನ ತಿಪ್ಪೆ ಗೊಬ್ಬರ ತುಂಬಿಕೊಂಡು ತಮ್ಮ ಚಾನಲ್ ಏರಿ ಹತ್ತಿಸ್ತಿದ್ದ. ನಾನು ಹಿಂದೆ ನಡ್ಕೊಂಡು ಬರ್ತಿದ್ದೆ. ಅರ್ಧ ಏರಿಗೆ ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಒಂದಡಿ ಮೇಲೆದ್ದವು. ಅವನು ಕ್ಲಚ್ ತುಳಿದ, ಮುಂಭಾಗ ಧೊಪ್ಪನೆ ಕೆಳಗೆ ಬಿತ್ತು. ಒಂದು ಗಳಿಗೆ ತಡವಾಗಿದ್ದರೆ ಟ್ರ್ಯಾಕ್ಟರ್ ಅವನ ಮೇಲೇ ಮಗುಚುತ್ತಿತ್ತು. ಹೀಗೆ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು, ಯೋಚನೆ ಮಾಡೋಕೆ ಪುರುಸೊತ್ತೇ ಇರಲ್ಲ. ಆವತ್ತು ಸಂಜೆನೇ ಆ ಫ್ರೇಮು ಬಿಚ್ಚಿ ಹಾಕಿದೆ.

ಕಾರಣ ಸರಳ. ಎಳೆಯೋ ಜಾಗ ಎಷ್ಟು ಮೇಲಿರುತ್ತೋ ಮುಂದಿನ ಗಾಲಿ ಅಷ್ಟು ಹಗುರ ಆಗುತ್ತೆ. ಹಿಂದಿನ ಆಕ್ಸಲ್ ನಡುವಿಗಿಂತ ಮೇಲೆ ಹೋದರಂತೂ ಟ್ರೇಲರ್ ಹಿಂದಕ್ಕೆ ಜಗ್ಗುತ್ತೆ, ಎಂಜಿನ್ ಮುಂಭಾಗವನ್ನು ಮೇಲಕ್ಕೆ ಎತ್ತುತ್ತೆ. ಟಾಪ್ ಲಿಂಕ್ ಜಾಗ ಅದಕ್ಕಿಂತಲೂ ಮೇಲಿದೆ. ಸಣ್ಣ ಟ್ರ್ಯಾಕ್ಟರ್‌ನ ಮುಂಭಾಗದ ತೂಕವೇ ಕಮ್ಮಿ, ಹಾಗಾಗಿ ಇದು ನಮಗೆ ಇನ್ನೂ ಬೇಗ ತಟ್ಟುತ್ತೆ. ನಮ್ಮ ಗಾಡಿಯ ಆಕ್ಸಲ್ ನಡು ನೆಲದಿಂದ 16 ಇಂಚು ಚಿಲ್ಲರೆ. ಈಗ ಟ್ರೇಲರ್ ರಿಂಗು ಸಿಕ್ಕಿಸೋ ನನ್ನ ಪಿನ್ನು 13 ಇಂಚಿಗಿದೆ.

ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಗೇರ್‌ಬಾಕ್ಸ್ ಹಿಂಭಾಗದಲ್ಲಿ ಕಂಪನಿಯೇ ಕೊಟ್ಟ ಬೋಲ್ಟ್ ತೂತು ಅಥವಾ ಹಿಚ್ ಬ್ರಾಕೆಟ್ ಇದ್ದರೆ ಅದಕ್ಕೇ ಹಾಕಿಸಿ, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಇಲ್ಲದಿದ್ದರೆ ನಾನು ಎರಡನೇ ಸಲ ಮಾಡಿಸಿದ್ದು ಹೀಗೆ. ಎರಡು ಲೋವರ್ ಲಿಂಕ್‌ಗಳ, ಅಂದ್ರೆ ಕೆಳಗಿನ ಎರಡು ತೋಳುಗಳ ನಡುವೆ 65×25 ಎಂಎಂ ಪಟ್ಟಿಯನ್ನು ಮಲಗಿಸಿ ಹಾಕಿದೆ. ಅದರ ಎರಡು ತುದಿಯ ಪಿನ್ನನ್ನು ಲೇತಿನಲ್ಲಿ ಮಾಡಿಸಿ ಬೆಸೆಸೋಕೆ ಹೋಗಬೇಡಿ. ಸಣ್ಣ ಟ್ರ್ಯಾಕ್ಟರ್ ಅಳತೆಯ, ಅಂದ್ರೆ ಒಂದನೇ ಕೆಟಗರಿಯ 22 ಎಂಎಂ ಪಿನ್ನು ನಟ್ ಸಮೇತ ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತೆ. ದಾವಣಗೆರೆಗೆ ಹೋದಾಗ ಪಿ.ಬಿ. ರಸ್ತೆ ಕಡೆ ವಿಚಾರಿಸಿ. ಪಟ್ಟಿಯ ನಡುಮಧ್ಯೆ ಮೇಲೊಂದು ಕೆಳಗೊಂದು 12 ಎಂಎಂ ಪ್ಲೇಟು, ಟ್ರೇಲರ್ ರಿಂಗಿನ ದಪ್ಪಕ್ಕೆ ತಕ್ಕಂತೆ ಪ್ಯಾಕಿಂಗು, 16 ಎಂಎಂನ 8.8 ಗ್ರೇಡ್ ಬೋಲ್ಟು ನಾಲ್ಕು. ಎಳೆಯೋ ಪಿನ್ನು 25 ಎಂಎಂ, ಮೇಲೂ ಕೆಳಗೂ ಪ್ಲೇಟಿನ ಆಸರೆ ಇರೋದರಿಂದ ಬಾಗಲ್ಲ. ತುದಿಗೆ ಲಾಕ್ ಪಿನ್ ಹಾಕಲೇಬೇಕು, ಮೊಳೆ ಬಗ್ಗಿಸಿ ಸಿಕ್ಕಿಸೋದು ಬೇಡ.

ಪಿನ್ನಿನ ತೂತನ್ನು ಡ್ರಿಲ್ಲಿನಲ್ಲೇ ಹೊಡೆಸಿ. ಗ್ಯಾಸ್ ಕಟಿಂಗ್‌ನಲ್ಲಿ ಎರಡು ನಿಮಿಷಕ್ಕೆ ಮಾಡ್ಕೊಡ್ತೀನಿ ಅಂತಾರೆ, ಒಪ್ಪಬೇಡಿ. ಅಂಚು ಹರಕುಮುರುಕಾಗಿ, ಸೀಳು ಅಲ್ಲಿಂದಲೇ ಶುರುವಾಗುತ್ತೆ. ತೂತಿನ ಅಂಚಿಂದ ಪ್ಲೇಟಿನ ಅಂಚಿಗೆ ಕಡೇಪಕ್ಷ ತೂತಿನ ಅಗಲದಷ್ಟಾದರೂ ಕಬ್ಬಿಣ ಉಳಿದಿರಬೇಕು.

ಬಹಳ ಜನ ಬಿಡೋದು ಸ್ಟೇ ಪಟ್ಟಿಯನ್ನ, ಅಂದ್ರೆ ಅಡ್ಡಪಟ್ಟಿ ಮೇಲೆ ಕೆಳಗೆ ಆಡದಂತೆ ಹಿಡಿಯೋ ಓರೆ ಪಟ್ಟಿಯನ್ನ. ಲೋವರ್ ಲಿಂಕ್‌ಗಳು ಮೇಲೆ ಕೆಳಗೆ ಆಡೋ ತೋಳುಗಳು. ಬರೀ ಅಡ್ಡಪಟ್ಟಿ ಹಾಕಿದರೆ ಎಳೆತಕ್ಕೆ ಅದೇ ಮೇಲೆದ್ದುಬಿಡಬಹುದು, ಇಲ್ಲವೇ ಯಾರೋ ಲಿಫ್ಟ್ ಲಿವರ್ ಮುಟ್ಟಿಬಿಡಬಹುದು. ಆಗ 13 ಇಂಚಿಗೆ ಇಟ್ಟ ಪಿನ್ನು 20 ಇಂಚಿಗೆ ಹೋಗಿ ಮತ್ತೆ ಅದೇ ಅಪಾಯ. ಅದಕ್ಕೆ ಅಡ್ಡಪಟ್ಟಿಯ ಎರಡೂ ಕಡೆಯಿಂದ ಟಾಪ್ ಲಿಂಕ್ ಬ್ರಾಕೆಟ್‌ಗೆ 40×10 ಪಟ್ಟಿ ಒಂದೊಂದು ಓರೆಯಾಗಿ ಕೊಡಿ. ಅಲ್ಲಿಗೆ ಪಿನ್ನು ಒಂದೇ ಎತ್ತರಕ್ಕೆ ಬಿಗಿಯಾಗಿ ನಿಲ್ಲುತ್ತೆ. ಟಾಪ್ ಲಿಂಕ್ ಜಾಗ ಇಷ್ಟಕ್ಕೆ ಮಾತ್ರ ಉಪಯೋಗ. ಸ್ಟೇ ಇರುವಾಗ ಲಿಫ್ಟ್ ಎತ್ತಿದರೆ ಏನಾದರೊಂದು ಮುರಿಯುತ್ತೆ, ಹಾಗಾಗಿ ನಾನು ಆ ತೋಳುಗಳನ್ನು ಎತ್ತೋ ಲಿಫ್ಟ್ ರಾಡುಗಳನ್ನೇ ಬಿಚ್ಚಿಟ್ಟಿರ್ತೀನಿ. ಅಕ್ಕಪಕ್ಕ ಓಲಾಡದಂತೆ ಚೆಕ್ ಚೈನ್ ಬಿಗಿ ಮಾಡಿ.

ಇನ್ನು ಟ್ರೇಲರ್ ರಿಂಗು ಮೇಲಿದ್ದರೆ ಅದನ್ನೇ ಕೆಳಗಿಳಿಸಿ. ನಮ್ಮದರಲ್ಲಿ 8 ಇಂಚು ಇಳಿಸಬೇಕಾಯ್ತು. ಟ್ರೇಲರ್ ಮೂತಿಗೆ, ಅಂದ್ರೆ ರಿಂಗಿರೋ ಮುಂದಿನ ತುದಿಗೆ, ಕೆಳಮುಖವಾಗಿ ದಪ್ಪ ಪ್ಲೇಟು ಕೊಟ್ಟು, ಎರಡೂ ಬದಿ ತ್ರಿಕೋನದ ಸಪೋರ್ಟು ಬೆಸೆಸಿದ್ವಿ. ಪೂರ್ತಿ ಭಾರ ಈ ಬೆಸುಗೆ ಮೇಲೇ ಬೀಳೋದು. ಗೇಟು ಕಿಟಕಿಗೆ ಬಳಸೋ 6013 ರಾಡು ಇಲ್ಲಿಗೆ ಬೇಡ, 7018 ಕೇಳಿ, ಡಿಸಿ ಮೆಷಿನ್ ಇರೋ ಕಡೆ ಹೋಗಿ. ಹತ್ತು ನಂಬರ್, ಅಂದ್ರೆ 3.15 ಎಂಎಂ ಸಾಕು. ಪ್ಯಾಕೆಟ್ ಒಡೆದು ಮೂಲೆಯಲ್ಲಿಟ್ಟ ರಾಡು ತೇವ ಕುಡಿದಿರುತ್ತೆ, ಹೊಸ ಪ್ಯಾಕೆಟ್ಟೇ ಒಡೆಸಿ. ಪ್ಲೇಟಿನ ಅಂಚನ್ನು ಗ್ರೈಂಡರ್‌ನಲ್ಲಿ ಓರೆ ಮಾಡಿ ಬುಡದಿಂದ ತುಂಬಿಸಬೇಕು, ಮೇಲೆ ಮೇಲೆ ಎಳೆದು ಬಣ್ಣ ಹೊಡೆದರೆ ಒಳಗೇನಿದೆ ಅಂತ ಗೊತ್ತೇ ಆಗಲ್ಲ. ಟ್ರ್ಯಾಕ್ಟರ್‌ನ ಹಿಂದಿನ ಹೌಸಿಂಗ್‌ಗೆ ಮಾತ್ರ ಏನನ್ನೂ ಬೆಸೆಸಬೇಡಿ. ಅದು ಎರಕದ ಕಬ್ಬಿಣ, ಬಿರುಕು ಬಿಡುತ್ತೆ. ಗಾಡಿಯ ಹತ್ತಿರ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿ ವೈರು ಬಿಚ್ಚಿಸಿ.

ತೂಕದ ವಿಷಯದಲ್ಲಿ ನನ್ನ ಲೆಕ್ಕ ಕಟ್ಟುನಿಟ್ಟು. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ, ಏರು ಇಳಿಜಾರು ಇರೋ ಕಡೆ, ಟ್ರೇಲರೂ ಸಾಮಾನೂ ಸೇರಿ ಟ್ರ್ಯಾಕ್ಟರ್‌ನ ತೂಕ ಮೀರಬಾರದು. ಇಳಿಜಾರಲ್ಲಿ ಅದು ನಿಮ್ಮನ್ನೇ ತಳ್ಳಿಕೊಂಡು ಹೋಗುತ್ತೆ. ಕೆರೆ ಗೋಡು ಹಸಿಯಾಗಿದ್ದರೆ ನೋಡೋಕೆ ಸ್ವಲ್ಪ ಅನಿಸಿದರೂ ಭಾರೀ ತೂಕ. ಎರಡು ಗಾಲಿಯ ಟ್ರೇಲರ್ ಆದರೆ ಒಟ್ಟು ತೂಕದ ಹತ್ತರಲ್ಲೊಂದು ಭಾಗ ಮೂತಿ ಮೇಲೆ ಬರಬೇಕು. ಅಡಿಕೆ ತೂಗೋ ಸ್ಕೇಲಿದ್ದರೆ ಲೋಡು ತುಂಬಿದ ಮೇಲೆ ಗಾಲಿಗೆ ಕಲ್ಲು ಕೊಟ್ಟು ಮೂತಿಯನ್ನು ಅದರ ಮೇಲೆ ಇಳಿಸಿ ನೋಡಿ. 800 ಕೆಜಿಗೆ 80 ಬಂದರೆ ಸರಿ. ತೀರಾ ಕಮ್ಮಿ ಬಂದರೆ ಹಿಂದಿನ ಗಾಲಿಗೆ ಹಿಡಿತ ಸಿಗಲ್ಲ, ತೀರಾ ಜಾಸ್ತಿಯಾದರೆ ಸ್ಟೇರಿಂಗ್ ಹಗುರ ಆಗುತ್ತೆ. ಪಿನ್ನು ಕಳಚಿದರೂ ಟ್ರೇಲರ್ ಬಿಟ್ಟು ಹೋಗದ ಹಾಗೆ ಒಂದು ದಪ್ಪ ಚೈನು ಬೇರೆಯಾಗಿ ಕಟ್ಟಿರಿ.

ಇದೆಲ್ಲ ತೋಟದ ಒಳಗಿನ ಮಾತು. ರಸ್ತೆಗೆ ಇಳಿಸುವುದಾದರೆ ಟ್ರೇಲರ್‌ಗೂ ಬೇರೆ ನೋಂದಣಿ ಬೇಕು, ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕೂಲಿಯವರನ್ನು ಅದರ ಮೇಲೆ ಕೂರಿಸಬೇಡಿ.

ಬಣ್ಣ ಹೊಡೆಯೋ ಮೊದಲು ಅರ್ಧ ಲೋಡಿನಲ್ಲಿ ಸಮತಟ್ಟು ನೆಲದ ಮೇಲೆ ಒಂದು ದಿನ ಓಡಿಸಿ. ಆಮೇಲೆ ಬೆಸುಗೆಗೆ ಸೀಮೆಎಣ್ಣೆಯೋ ಡೀಸೆಲ್ಲೋ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಎಣ್ಣೆ ಒಸರಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತೆ. ನಾನು ಈಗಲೂ ಕೊಯ್ಲು ಶುರುವಾಗೋ ಮೊದಲು ಪ್ರತಿ ವರ್ಷ ಹೀಗೆ ನೋಡ್ತೀನಿ.

ನಿಮ್ಮ ಟ್ರ್ಯಾಕ್ಟರ್‌ನ ಆಕ್ಸಲ್ ನಡು ಮತ್ತು ಟ್ರೇಲರ್ ರಿಂಗು ನೆಲದಿಂದ ಎಷ್ಟೆಷ್ಟು ಇಂಚಿಗಿವೆ ಅಂತ ಅಳೆದು ಬರೆಯಿರಿ. ರಿಂಗು ಎಷ್ಟು ಇಳಿಸಬೇಕು, ಸ್ಟೇ ಎಷ್ಟು ಉದ್ದ ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ. ಅಲ್ಲಿವರೆಗೂ ಟಾಪ್ ಲಿಂಕ್‌ಗೆ ಏನೂ ಕಟ್ಟಿ ಎಳೆಯಬೇಡಿ.